ಇಬ್ಬರು ತಿದ್ದಿದ ಗುರಿ

ಸೂಜಿಮಾಮನ ಕೈಗೆ ಸುಮ್ಮನಿರಲು ಬರುತ್ತಿರಲಿಲ್ಲ. ಮನೆಗೆ ಬಂದವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಮಾತಿಗಿಳಿದರೆ ಸಾಕು, ಅವರು ಏಳುವಷ್ಟರಲ್ಲಿ ಅದರ ಸಡಿಲ ಕಾಲು ಬಿಗಿಯಾಗಿರುತ್ತಿತ್ತು. ಕೆಲವರು ಬರುತ್ತಿದ್ದುದೇ ಅದಕ್ಕೆ. ಎಲ್ಲಾದರೂ ಬಾಗಿಲು ಕಿರ್ರೆಂದರೆ ಊಟದ ತಟ್ಟೆ ಬಿಟ್ಟು ಎದ್ದುಹೋಗುವ ಮನುಷ್ಯ ಅವರು. ಅವರ ಹೆಂಡತಿ ಈ ಗುಣವನ್ನು ಮದುವೆಯಾದ ಹೊಸತರಲ್ಲೇ ಕಂಡಿದ್ದರು.

"ಕೈಗಡಿಯಾರ ಬಿಚ್ಚಿಟ್ಟು ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದ್ರೆ ಅದರ ಹೊಟ್ಟೆ ಬಿಚ್ಚಿ ಕರುಳೆಲ್ಲ ಹಾಸಿಗೆ ಮೇಲೆ! ಯಾಕ್ರೀ ಅಂದ್ರೆ, 'ಒಂಚೂರು ನಿಧಾನಕ್ಕೆ ಓಡ್ತಿತ್ತು' ಅಂತಾರೆ. ನಾನೂ ನಿಧಾನಾನೇ, ನನ್ನನ್ನ ಮಾತ್ರ ಬಿಚ್ಚಬೇಡಿ ಅಂದೆ," ಎಂದು ಅವರು ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು.

ಸೂಜಿಮಾಮನ ಕಸುಬು ಹೊಲಿಗೆ ಮಿಷನ್ ರಿಪೇರಿ. ಬೀದಿಗೆ ತೆರೆದಿದ್ದ ಮುಂದಿನ ಕೋಣೆಯೇ ಅಂಗಡಿ. ಗೋಡೆಯ ಮೊಳೆಗಳಲ್ಲಿ ಕಾಲಲ್ಲಿ ತುಳಿಯುವ ಮಿಷನ್ನಿನ ಚರ್ಮದ ಬೆಲ್ಟುಗಳು ನೇತಾಡುತ್ತಿದ್ದವು. ಕೆಳಗೆ ಬಾಬಿನ್ನುಗಳ ಡಬ್ಬಿ, ಸೂಜಿಗಳ ಡಬ್ಬಿ, 'ಯಾವುದೋ ಒಂದರದ್ದು' ಎಂದು ಅವರೇ ಕರೆಯುತ್ತಿದ್ದ ಸ್ಕ್ರೂಗಳ ದೊಡ್ಡ ಡಬ್ಬಿ. ಹಿಂದಿನ ಎರಡು ಕೋಣೆಯಲ್ಲಿ ಗಂಡ, ಹೆಂಡತಿ, ಮಗಳು, ಮಗಳ ಮಗು. ಅಳಿಯ ದೂರದೂರಿಗೆ ಲಾರಿ ಓಡಿಸುವವನು. ಬಂದರೆ ಮಗುವಿನ ಪಕ್ಕದಲ್ಲೇ ಬಿದ್ದು ನಿದ್ದೆ ಹೋಗುತ್ತಿದ್ದ, ಇಬ್ಬರನ್ನೂ ಒಟ್ಟಿಗೆ ಎಬ್ಬಿಸಬೇಕಿತ್ತು.

ಆ ಮನೆಯಲ್ಲಿ ಯಾರೂ ಯಾರಿಗೂ ಕೊರತೆ ಹೇಳುತ್ತಿರಲಿಲ್ಲ. ಏನು ಕೇಳಿದರೂ 'ಚೆನ್ನಾಗಿದೆ' ಎಂಬ ಒಂದೇ ಉತ್ತರ. "ಈ ಮನೇಲಿ ಕಲ್ಲು ಬೇಯಿಸಿ ಬಡಿಸಿದ್ರೂ ಚೆನ್ನಾಗಿದೆ ಅಂತಾನೇ ತಿಂತಾರೆ," ಎಂದು ಹೆಂಡತಿ ಗೊಣಗುತ್ತಿದ್ದರು, ಉಪ್ಪಿಲ್ಲದ್ದು ಕೊನೆಗೆ ತಮ್ಮ ತಟ್ಟೆಯಲ್ಲೇ ಗೊತ್ತಾದಾಗ. ಮಗಳು ಚಿಕ್ಕವಳಿದ್ದಾಗ ಸೂಜಿಮಾಮ ಅವಳ ಶೂಗೆ ತಾವೇ ಹೊಸ ಅಟ್ಟೆ ಹಾಕಿದ್ದರು. ಒಂದು ಮೊಳೆ ಒಳಕ್ಕೆ ಚುಚ್ಚುತ್ತಿದ್ದರೂ ಅವಳು ಅಪ್ಪ ಇಷ್ಟಪಟ್ಟು ಮಾಡಿದ್ದೆಂದು ಬಾಯಿ ಬಿಡಲಿಲ್ಲ. ಕುಂಟುವುದನ್ನು ಕಂಡು ಅವರೇ ಶೂ ಬಿಚ್ಚಿ ನೋಡಬೇಕಾಯಿತು.

ಈ ಮಗಳಿಗೆ ಗುರಿ ಹೊಡೆಯುವ ಆಟದ ಹುಚ್ಚು. ಮದುವೆಗೆ ಮೊದಲೇ ಹಿಡಿದದ್ದು. ಎರಡು ಬೀದಿ ಆಚೆ, ಮುಚ್ಚಿಹೋದ ಉಗ್ರಾಣವೊಂದರಲ್ಲಿ ಗಾಳಿ ಪಿಸ್ತೂಲಿನ ಅಭ್ಯಾಸ ನಡೆಯುತ್ತಿತ್ತು. ಉದ್ದನೆಯ ಕೋಣೆ, ಆ ತುದಿಯಲ್ಲಿ ಹಲಗೆಗೆ ಸಿಕ್ಕಿಸಿದ ಕಾಗದ, ಕಾಗದದ ನಡುವೆ ಕಪ್ಪು ವೃತ್ತ. ಹೆರಿಗೆಯಾದ ಮೇಲೆ ಅವಳು ಅಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದಳು. ಮಗುವಿಗೆ ಎದ್ದು ಕೂರಲು ಬಂದಮೇಲೆ ಒಂದು ದಿನ ತಾಯಿಯ ಎದುರು ನಿಂತು, "ಅಮ್ಮಾ, ವಾರಕ್ಕೊಂದು ಗಂಟೆ ಇವನನ್ನ ನೋಡ್ಕೋತೀಯಾ?" ಎಂದು ಕೇಳಿದಳು. "ಎಲ್ಲಿಗೆ?" ಎಂದರೆ, "ಅಲ್ಲಿಗೇ. ದಿನವಿಡೀ ಈ ಕೈ ಇವನದ್ದು, ಪಾತ್ರೆದು, ಬಟ್ಟೆದು. ಅಲ್ಲಿ ನಿಂತಾಗ ಮಾತ್ರ ನಂದು ಅನ್ಸತ್ತೆ," ಎಂದಳು. ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದ ಸೂಜಿಮಾಮನಿಗೆ ಆ ಮಾತು ಕೇಳಿಸಿತು. ಎಣ್ಣೆ ಹೆಚ್ಚಾಗಿ ಚೆಲ್ಲಿತು.

ಅಲ್ಲಿನ ತರಬೇತುದಾರಳನ್ನು ಎಲ್ಲರೂ ಕೋಚಮ್ಮ ಎನ್ನುತ್ತಿದ್ದರು. ಒಳ್ಳೆಯ ಪಿಸ್ತೂಲುಗಳು ತಂಡದವರ ಕೈಯಲ್ಲಿದ್ದುದರಿಂದ ಆಕೆ ಸೂಜಿಮಾಮನ ಮಗಳಿಗೆ ಬೀರುವಿನ ಮೂಲೆಯಲ್ಲಿ ಬಿದ್ದಿದ್ದ ಒಂದನ್ನು ತೆಗೆದುಕೊಟ್ಟಳು. ಅದಕ್ಕೆ 'ಬಡಪಾಯಿ' ಎಂದೇ ಹೆಸರು. ಇದ್ದುದರಲ್ಲಿ ಅತ್ಯಂತ ಅಗ್ಗದ್ದು. ಮಾಡುವವರು ಮಾಡುವುದನ್ನೇ ನಿಲ್ಲಿಸಿದ್ದರಿಂದ ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ. "ಇದರಲ್ಲೇ ಕೈ ಕುದುರಿಸ್ಕೋ. ಆಯ್ಕೆ ಸ್ಪರ್ಧೆಲಿ ಗೆದ್ದು ತಂಡಕ್ಕೆ ಬಂದ್ರೆ ಪಿಸ್ತೂಲೂ ನಿಂದು, ಜಾಗಾನೂ ನಿಂದು. ಬರದಿದ್ರೆ ವಾಪಸ್ ಕೊಡ್ಬೇಕಾಗತ್ತೆ, ಕಾಯೋರು ಬಹಳ ಜನ ಇದ್ದಾರೆ," ಎಂದು ಕೋಚಮ್ಮ ಮೊದಲೇ ಹೇಳಿದ್ದಳು. ವಾರದ ಆ ಒಂದು ಗಂಟೆ ಉಳಿಯುವುದೂ ಹೋಗುವುದೂ ಹೀಗೆ ಬಡಪಾಯಿಯ ಮೇಲೆ ನಿಂತಿತು.

ಬಡಪಾಯಿ ಮನೆಗೆ ಬಂದ ದಿನ ಸೂಜಿಮಾಮನ ಮುಖ ನೋಡಬೇಕಿತ್ತು. ಮಗುವಿಗೆ ಆಟಿಕೆ ಸಿಕ್ಕಿದರೂ ಅಷ್ಟು ಅರಳುತ್ತಿರಲಿಲ್ಲ.

"ಏನಾಗ್ತಿದೆ ಹೇಳು."

"ಒಂದು ಮೇಲೆ, ಒಂದು ಕೆಳಗೆ. ಹೊಡೆದಾಗ ಉಸ್ ಅನ್ನತ್ತೆ."

ಅದರ ರಚನೆ ಸರಳ. ನಳಿಗೆಯನ್ನು ಕೆಳಕ್ಕೆ ಮಡಚಿದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗುತ್ತದೆ. ಬಿಟ್ಟಾಗ ಅದು ಪಿಸ್ಟನ್ನನ್ನು ದೂಡುತ್ತದೆ, ಪಿಸ್ಟನ್ ಗಾಳಿಯನ್ನು, ಗಾಳಿ ಸೀಸದ ಪುಟ್ಟ ಗುಂಡನ್ನು. ಪಿಸ್ಟನ್ನಿನ ತಲೆಯ ವಾಷರ್ ಸವೆದು ಗಾಳಿ ಸೋರುತ್ತಿತ್ತು. ಸೂಜಿಮಾಮ ಮೊದಲು ಅಡುಗೆಮನೆಯ ಕುಕ್ಕರಿನ ರಬ್ಬರು ಕತ್ತರಿಸಿ ಹಾಕಿದರು. ಅದು ಎಣ್ಣೆ ಕುಡಿದು ಉಬ್ಬಿ ಪಿಸ್ಟನ್ನೇ ಸಿಕ್ಕಿಕೊಂಡಿತು, ಜೊತೆಗೆ ಆ ದಿನ ಕುಕ್ಕರೂ ಕೂಗಲಿಲ್ಲ. ಹೆಂಡತಿ ಒಲೆಯ ಮುಂದೆ ನಿಂತು ಕೂಗಿದರು. ಆಮೇಲೆ ಅವರಿಗೆ ಗೋಡೆಯ ಮೇಲಿನ ಚರ್ಮದ ಬೆಲ್ಟು ಕಂಡಿತು. ಅದರಿಂದ ಒಂದು ತುಂಡು ಕತ್ತರಿಸಿ, ಬಿಲ್ಲೆಯಂತೆ ಸುರುಳಿ ಸುತ್ತಿ ಹೊಲಿದು, ಎಣ್ಣೆಯಲ್ಲಿ ನೆನೆಹಾಕಿ, ಉಜ್ಜಿ ಉಜ್ಜಿ ಕೂರಿಸಿದರು. ಉಸ್ ನಿಂತಿತು. ನಳಿಗೆ ಮಡಚುವ ಕೀಲು ಅಲುಗುತ್ತಿತ್ತು. ಅದರ ಸಂದಿಗೆ ಶೂ ಪಾಲಿಷ್ ಡಬ್ಬಿಯ ಮುಚ್ಚಳದ ತಗಡನ್ನು ತೆಳ್ಳಗೆ ಬಡಿದು ಸೇರಿಸಿದರು. ಅಲುಗಾಟವೂ ಹೋಯಿತು.

ಆ ವಾರ ಮಗಳು ತಂದ ಕಾಗದದಲ್ಲಿ ತೂತುಗಳೆಲ್ಲ ಒಂದೇ ಕಡೆ ಗುಂಪುಗೂಡಿದ್ದವು. ಗುಂಪು ಮಾತ್ರ ಕಪ್ಪು ವೃತ್ತದ ಎಡಕ್ಕಿತ್ತು.

"ಎಡಕ್ಕೆ ಹೋಗ್ತಿದೆ ಅಪ್ಪ," ಎಂದಳು.

ಅಷ್ಟು ಹೇಳಿದ್ದೇ ತಪ್ಪಾಯಿತೇನೋ. ಸೂಜಿಮಾಮ ಅಂಗಡಿಗೆ ಬಾಗಿಲು ಹಾಕಿ ಬಡಪಾಯಿಯನ್ನು ಮೊದಲಿಂದ ಕೊನೆಯವರೆಗೆ ಬಿಚ್ಚಿಕೊಂಡು ಕೂತರು. ಮರುದಿನವೂ ಬಾಗಿಲು ತೆರೆಯಲಿಲ್ಲ. ಎದುರು ಸಾಲಿನ ಟೈಲರಮ್ಮ ಬಂದು ಬಾಗಿಲು ಬಡಿದರು.

"ಮಾಮಾ, ನನ್ನ ಮಿಷನ್ ಏನಾಯ್ತು? ಬೆಲ್ಟ್ ಹಾಕ್ಕೊಡ್ತೀನಿ ಅಂದು ಎಷ್ಟು ದಿನ ಆಯ್ತು?"

"ಬೆಲ್ಟು... ಅದು ಸ್ವಲ್ಪ ಗಿಡ್ಡ ಆಗಿದೆಯಮ್ಮ."

"ಗಿಡ್ಡ ಆಗಿದೆಯಾ? ಬೆಲ್ಟೇನು ಮಗುವಾ, ಬೆಳೆಯೋಕೆ ಕುಗ್ಗೋಕೆ? ಕತ್ತರಿಸಿ ಪಿಸ್ತೂಲಿಗೆ ತಿನ್ನಿಸಿದ್ರಿ ಅಂತ ನೇರವಾಗಿ ಹೇಳಿ! ಒಪ್ಪಿಕೊಂಡ ಬಟ್ಟೆಯೆಲ್ಲ ಕೈಯಲ್ಲಿ ಹೊಲಿಲಾ ನಾನು?"

ಇಡೀ ಬೀದಿಗೆ ಕೇಳಿಸಿತು. ಒಳಗೆ ಮಗುವಿಗೆ ಹಾಲು ಕುಡಿಸುತ್ತಿದ್ದ ಮಗಳಿಗೂ ಕೇಳಿಸಿತು. ಅಪ್ಪ ತಲೆ ತಗ್ಗಿಸಿ ಟೈಲರಮ್ಮನಿಗೆ ಬೇರೆ ಬೆಲ್ಟು ಹುಡುಕುತ್ತಿದ್ದುದನ್ನು ಅವಳು ಬಾಗಿಲ ಸಂದಿಯಿಂದ ಕಂಡಳು. ಮುಂದಿನ ವಾರ ಅವಳು ಉಗ್ರಾಣದಿಂದ ಬಂದಾಗ ಸೂಜಿಮಾಮ ಕಣ್ಣರಳಿಸಿ ಕೇಳಿದರು:

"ಹೇಗಿದೆ ಈಗ?"

"ಚೆನ್ನಾಗಿದೆ ಅಪ್ಪ. ಇನ್ನು ಮುಟ್ಟಬೇಡ. ಆಯ್ಕೆ ಮುಗಿಯೋವರೆಗೂ ಯಾರೂ ಪಿಸ್ತೂಲು ಬಿಚ್ಚಬಾರ್ದು, ಹೇಗಿದೆಯೋ ಹಾಗೇ ಇರ್ಬೇಕು ಅಂತ ಕೋಚಮ್ಮ ಹೇಳಿದ್ದಾರೆ."

"ನಾನ್ಯಾಕೆ ಮುಟ್ಟಲಿ? ನನಗೇನು ಬೇರೆ ಕೆಲಸ ಇಲ್ವಾ?" ಎಂದರು ಸೂಜಿಮಾಮ.

ಹೊಡೆದ ಕಾಗದಗಳನ್ನು ಅವಳು ಮನೆಗೆ ತರುತ್ತಿದ್ದಳು. ಹಿಂಬದಿ ಖಾಲಿ, ದಪ್ಪ ಕಾಗದ. ಮಗುವಿನ ಬಟ್ಟೆ ಇಡುವ ಗೂಡಿಗೆ ಅಜ್ಜಿ ಹಾಸುತ್ತಿದ್ದರು. ಲಂಗೋಟಿಗಳನ್ನು ಎತ್ತಿ ಆ ಕಾಗದ ನೋಡುವುದು ಸೂಜಿಮಾಮನಿಗೆ ಅಭ್ಯಾಸವಾಯಿತು. ತೂತುಗಳು ಇನ್ನೂ ಎಡಕ್ಕೇ ಇದ್ದವು. ಪಾಪ, ನನಗೆ ಬೇಜಾರಾಗುತ್ತದೆಂದು ಹೇಳುತ್ತಿಲ್ಲ ಎಂದುಕೊಂಡರು. ಅದು ನಿಜವೂ ಆಗಿತ್ತು. ಪಿಸ್ತೂಲಿನ ಬೆನ್ನ ಮೇಲೆ, ಗುರಿ ನೋಡುವ ಹಿಂದಿನ ತಗಡಿನಲ್ಲಿ ಒಂದು ಕಚ್ಚು. ಆ ತಗಡನ್ನು ಅತ್ತಿತ್ತ ಸರಿಸಲು ಒಂದು ಪುಟ್ಟ ಸ್ಕ್ರೂ. ಗುಂಡು ಬಲಕ್ಕೆ ಹೋಗಬೇಕಾದರೆ ತಗಡನ್ನು ಬಲಕ್ಕೆ ಸರಿಸಬೇಕು. ಬಿಚ್ಚಬಾರದೆಂದರೇ ಹೊರತು ತಿರುಗಿಸಬಾರದೆಂದು ಎಲ್ಲಿ ಹೇಳಿದ್ದಾರೆ? ಮಗಳು ಬಟ್ಟೆ ಒಣಹಾಕಲು ಹೋದಾಗ ಒಂದು ಚೂರು ತಿರುಗಿಸಿದರು.

ಮುಂದಿನ ವಾರದ ಕಾಗದದಲ್ಲಿ ತೂತುಗಳು ಬಲಕ್ಕೆ ಹಾರಿದ್ದವು. ತಾವು ತಿರುಗಿಸಿದ್ದಕ್ಕಿಂತ ಹೆಚ್ಚೇ ಹಾರಿದ್ದವು. ಸೂಜಿಮಾಮ ಹಿಂದಕ್ಕೆ ತಿರುಗಿಸಿದರು. ಅದರ ಮುಂದಿನ ವಾರ ಎಡಕ್ಕೆ. ಸ್ಕ್ರೂ ಜಾರುತ್ತಿದೆ ಎಂದು ತೀರ್ಮಾನಿಸಿ ಹೆಂಡತಿಯ ಹತ್ತಿರ ಹೋದರು.

"ನಿನ್ನ ಹತ್ರ ಉಗುರಿಗೆ ಹಚ್ಚೋ ಪಾಲಿಷ್ ಇದ್ಯಾ? ಬಣ್ಣ ಇಲ್ಲದ್ದು."

"ಈ ವಯಸ್ಸಲ್ಲಿ ನಿಮಗ್ಯಾಕ್ರೀ ಅದು?"

"ಒಂದು ಸ್ಕ್ರೂಗೆ."

"ಹೂಂ, ಸ್ಕ್ರೂನಾದ್ರೂ ಚೆಂದ ಕಾಣ್ಲಿ. ನನ್ನ ಉಗುರು ನೋಡಿ ಎಷ್ಟು ವರ್ಷ ಆಯ್ತೋ!"

ಪ್ರತಿ ವಾರ ಸ್ಕ್ರೂ ತಿರುಗಿಸಿ, ಪಾಲಿಷ್ ಹಚ್ಚಿ ಅಂಟಿಸಿದರೂ ತೂತುಗಳು ವಾರಕ್ಕೊಂದು ಕಡೆ ಓಡಾಡಿದವು. ಮಿಷನ್ನುಗಳ ಎಷ್ಟೋ ಹಟ ಮುರಿದಿದ್ದ ಸೂಜಿಮಾಮನಿಗೆ ಈ ಅಗ್ಗದ ಕಬ್ಬಿಣದ ಬುದ್ಧಿಯೇ ಅರ್ಥವಾಗಲಿಲ್ಲ. ಆಯ್ಕೆಯ ದಿನ ಬೆಳಿಗ್ಗೆ, ಕೊನೆಯ ಕಾಗದ ಎಡ ತೋರಿಸುತ್ತಿತ್ತು. ಮಗಳು ಒಳಗೆ ಮಗುವಿನ ಬಾಯಿ ಒರೆಸುತ್ತ, ಹೊಸ ಹಲ್ಲು ಮುಟ್ಟಿ ನೋಡಿ ಮುದ್ದು ಮಾಡುತ್ತಿದ್ದಳು. ಸೂಜಿಮಾಮ ಚಿಕ್ಕ ಸ್ಕ್ರೂಡ್ರೈವರ್ ತೆಗೆದು ಪಾಲಿಷ್ ಕೆರೆದು, ಕಣ್ಣಂದಾಜಿನಲ್ಲಿ ತಗಡನ್ನು ಬಲಕ್ಕೆ ಸರಿಸಿದರು. ಈ ಸಲ ಸರಿಯಾಯಿತು ಎಂದು ಅವರ ಬೆರಳಿಗೇ ಅನ್ನಿಸಿತು.

ಉಗ್ರಾಣದಲ್ಲಿ ನೋಡುವವರಿಗೆ ಹಿಂಬದಿ ಒಂದು ಬೆಂಚು. ಸೂಜಿಮಾಮ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು; ಅದು ಅವರ ಅಂಗಿಯ ಗುಂಡಿಯನ್ನು ಜಗಿಯುತ್ತಿತ್ತು. ಮೊದಲು ಲೆಕ್ಕಕ್ಕೆ ಹಿಡಿಯದ ಹೊಡೆತಗಳು, ಪಿಸ್ತೂಲು ಹೇಗಿದೆಯೆಂದು ನೋಡಿಕೊಳ್ಳಲಿಕ್ಕೆ. ಮಗಳು ತೋಳು ಚಾಚಿ, ಉಸಿರು ಹಿಡಿದು, ಹೊಡೆದಳು. ಹಗ್ಗ ಎಳೆದಾಗ ಹಲಗೆಸಮೇತ ಕಾಗದ ಹತ್ತಿರ ಬಂತು.

ಬಲಕ್ಕೆ. ಎಲ್ಲವೂ ಬಲಕ್ಕೆ.

ಸೂಜಿಮಾಮ ಮಗುವಿನ ಬಾಯಿಂದ ಗುಂಡಿ ಬಿಡಿಸಿಕೊಂಡರು. ಬೆಳಿಗ್ಗೆ ತಾನು ಸ್ಕ್ರೂ ತಿರುಗಿಸಿದ್ದೇನೆ ಎಂದು ಹೇಳಲು ಅದೇ ಸಮಯ. ಕೋಚಮ್ಮ ಇನ್ನೂ ಲೆಕ್ಕ ಆರಂಭಿಸಿರಲಿಲ್ಲ. ನಾಲ್ಕು ಹೆಜ್ಜೆ ನಡೆದು ಕಿವಿಯಲ್ಲಿ ಹೇಳಿದ್ದರೂ ಸಾಕಿತ್ತು. ಅವರು ಮಗುವನ್ನೆತ್ತಿಕೊಂಡು ಅರ್ಧ ಎದ್ದರು. ಈಗ ಹೇಳಿದರೆ ಇವಳ ಮನಸ್ಸು ಕದಡುತ್ತದೇನೋ, ಮುಟ್ಟುವುದಿಲ್ಲ ಎಂದು ಮಾತು ಕೊಟ್ಟವನು ನಾನೇ ಅಲ್ಲವೇ ಎಂಬ ಯೋಚನೆ ಬಂತು. ಮತ್ತೆ ಕೂತರು. ಆಮೇಲೆ ಎಷ್ಟೋ ದಿನ ಅವರಿಗೆ ನೆನಪಾಗುತ್ತಿದ್ದುದು ಸ್ಕ್ರೂ ತಿರುಗಿಸಿದ್ದಲ್ಲ, ಹಾಗೆ ಮತ್ತೆ ಕೂತದ್ದು.

ಮಗಳು ಕಾಗದವನ್ನು ದಿಟ್ಟಿಸಿದಳು. ಸ್ಕ್ರೂವಿನ ಕಡೆ ಕಣ್ಣು ಹಾಯಿಸಲೂ ಇಲ್ಲ. ತೋಳನ್ನು ಸಡಿಲಿಸಿ, ಮತ್ತೆ ಚಾಚಿ, ಲೆಕ್ಕದ ಹೊಡೆತಗಳನ್ನು ಹೊಡೆಯತೊಡಗಿದಳು. ಎಡಕ್ಕೆ ಬಿತ್ತು. ಮತ್ತೆ ಎಡಕ್ಕೆ. ಆಮೇಲೆ ಬಲಕ್ಕೆ. ಮುಗಿದಾಗ ಕಪ್ಪು ವೃತ್ತದ ಎರಡೂ ಬದಿಗೆ ತೂತುಗಳು ಎರಡು ಕಿವಿಯಂತೆ ನಿಂತಿದ್ದವು. ನಡುವೆ ಬಹುತೇಕ ಖಾಲಿ.

ಕೋಚಮ್ಮ ನ್ಯಾಯದ ಹೆಂಗಸು. "ಪಿಸ್ತೂಲಿಂದೇನಾದ್ರೂ ತೊಂದರೆನಾ ನೋಡೋಣ," ಎಂದು ಬಡಪಾಯಿಯನ್ನು ಮರಳಚೀಲದ ಮೇಲೆ ಒರಗಿಸಿ ತಾನೇ ಹೊಡೆದಳು. ಕಾಗದ ಬಂತು. ತೂತುಗಳೆಲ್ಲ ಒಂದರ ಮೇಲೊಂದು ಬಿದ್ದು ಒಂದೇ ಹರಿದ ತೂತಾಗಿತ್ತು, ಕಪ್ಪಿನ ನಟ್ಟನಡುವೆ.

"ಅಬ್ಬಾ! ಯಾರು ರಿಪೇರಿ ಮಾಡಿದ್ದು ಇದನ್ನ? ನೀವಾ ಯಜಮಾನ್ರೇ? ನಮ್ಮ ಒಳ್ಳೊಳ್ಳೆ ಪಿಸ್ತೂಲೂ ಹೀಗಿಲ್ಲ." ಆಮೇಲೆ ಮಗಳ ಕಡೆ ತಿರುಗಿ ದನಿ ತಗ್ಗಿಸಿದಳು. "ಇದರಲ್ಲೇನೂ ಐಬಿಲ್ಲ ಕಣೇ. ನಿನ್ನ ಕೈಯೇ ಇವತ್ತು ಸರಿ ಇರ್ಲಿಲ್ಲ."

ಸೂಜಿಮಾಮನಿಗೆ ತಡೆಯಲಾಗಲಿಲ್ಲ. "ಅವಳದ್ದಲ್ಲ ಮೇಡಂ. ನಾನು ಬೆಳಿಗ್ಗೆ ಆ ಸ್ಕ್ರೂ ತಿರುಗಿಸಿದೆ. ಪ್ರತಿ ವಾರ ತಿರುಗಿಸ್ತಿದ್ದೆ."

ಕೋಚಮ್ಮ ಪಿಸ್ತೂಲನ್ನು ಕೆಳಗಿಟ್ಟಳು. "ಮುಟ್ಟಬೇಡಿ ಅಂದಿದ್ದೆನಲ್ಲ," ಎಂದಳು. "ಲೆಕ್ಕದ ಹೊಡೆತ ಶುರುವಾಗೋಕೆ ಮುಂಚೆ ಹೇಳಿದ್ರೆ ಏನಾದ್ರೂ ಮಾಡ್ಬಹುದಿತ್ತು. ಈಗ ಹೊಡೆದದ್ದು ಹೊಡೆದದ್ದೇ. ನಿಮ್ಮ ಮಗಳಿಗೊಂದು, ಬೇರೆಯವರಿಗೊಂದು ಅಂತ ಮಾಡೋಕಾಗಲ್ಲ." ಜಾಗ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಒಬ್ಬ ತರುಣಿಗೆ ಹೋಯಿತು.

ಮಗಳು ಮಾತ್ರ ಅಪ್ಪನನ್ನೇ ನೋಡುತ್ತಿದ್ದಳು. ಹೊರಗೆ ಮೆಟ್ಟಿಲ ಮೇಲೆ ಕೂತು ಮಗುವನ್ನು ಸೆರಗಿನೊಳಗೆ ಹಾಕಿಕೊಂಡ ಮೇಲೆ ಕೇಳಿದಳು:

"ಅಪ್ಪಾ, ನೀನೂ ತಿದ್ದುತ್ತಿದ್ಯಾ?"

"ನೀನೂ ಅಂದ್ರೆ?"

"ಎಡಕ್ಕೆ ಹೋಗತ್ತೆ ಅಂತ ನಾನು ಒಂದು ಕೂದಲಿನಷ್ಟು ಬಲಕ್ಕೆ ಹಿಡಿದು ಹೊಡೀತಿದ್ದೆ. ನಿನಗೆ ಮತ್ತೆ ಹೇಳೋದು ಬೇಡ, ನೀನು ಮತ್ತೆ ಅಂಗಡಿ ಮುಚ್ಕೊಂಡು ಕೂರ್ತೀಯ, ಟೈಲರಮ್ಮ ಮತ್ತೆ ಬೈತಾರೆ ಅಂತ."

ಸೂಜಿಮಾಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎಡಕ್ಕೆ ಹೋದ ಗುಂಡನ್ನು ತಾವು ಸ್ಕ್ರೂವಿನಿಂದ ಬಲಕ್ಕೆ ತಂದಿದ್ದರು, ಅವಳು ಕೈಯಿಂದ ಬಲಕ್ಕೆ ತಂದಿದ್ದಳು. ಎರಡೂ ಸೇರಿ ಗುಂಡು ಬಲಕ್ಕೆ ದಾಟಿತ್ತು. ಅದನ್ನು ನೋಡಿ ತಾವು ಎಡಕ್ಕೆ, ಅವಳೂ ಎಡಕ್ಕೆ. ವಾರವಾರವೂ ಒಬ್ಬರಿಗೆ ತಿಳಿಯದೆ ಇನ್ನೊಬ್ಬರು ಒಂದೇ ತಪ್ಪನ್ನು ಎರಡೆರಡು ಸಲ ತಿದ್ದಿದ್ದರು.

"ಸ್ಕ್ರೂ ಇತ್ತಲ್ಲಮ್ಮ, ನೀನೇ ತಿರುಗಿಸಬಹುದಿತ್ತು."

"ನೀನು ಕೂರಿಸಿದ್ದು ತಪ್ಪಿರಲ್ಲ ಅಂದ್ಕೊಂಡೆ. ವಾರಕ್ಕೊಂದು ಕಡೆ ಹೋದ್ರೆ ಕೈಯದ್ದೇ ದೋಷ ಅಲ್ವಾ? ಮಗು ಆದ್ಮೇಲೆ ನಿದ್ದೆ ಇಲ್ಲ, ಕೈ ಮೊದಲಿನ ಹಾಗಿಲ್ಲ ಅಂತ ಅಂದ್ಕೊಂಡೆ. ಇವತ್ತು ಅಲ್ಲಿ ನಿಂತಾಗ ಮಧ್ಯ ಯಾವುದು ಅನ್ನೋದೇ ಗೊತ್ತಾಗ್ಲಿಲ್ಲ ಅಪ್ಪ."

"ನಾನು ಪಿಸ್ತೂಲಿಂದೇ ದೋಷ ಅಂದ್ಕೊಂಡೆ," ಎಂದರು ಸೂಜಿಮಾಮ. "ನಿನ್ನ ಕೈ ತಪ್ಪಿರಬಹುದು ಅಂತ ಒಂದು ದಿನವೂ ಅನ್ನಿಸಲಿಲ್ಲ."

ಅವಳಿಗೆ ಇದ್ದಕ್ಕಿದ್ದಂತೆ ನಗು ಬಂತು. ನಕ್ಕಾಗ ಮಗು ಹಾಲು ಬಿಟ್ಟು ಮುಖ ನೋಡಿತು. ನಗು ಹಾಗೇ ಅಳುವಾಯಿತು. ಸೂಜಿಮಾಮ ಜೇಬಿನಿಂದ ಕರವಸ್ತ್ರ ತೆಗೆದರೆ ಅದಕ್ಕೆ ಮಿಷನ್ ಎಣ್ಣೆಯ ಕಲೆ. ಅವಳು ಅದರಲ್ಲೇ ಒರೆಸಿಕೊಂಡಳು, ಕೆನ್ನೆಗೆ ಕಪ್ಪು ಹತ್ತಿತು. ಅದನ್ನು ಹೇಳಲೂ ಅವರಿಗೆ ಧೈರ್ಯವಾಗಲಿಲ್ಲ.

ಮರುವಾರ ಪಿಸ್ತೂಲು ಹಿಂದಿರುಗಿಸಲು ಇಬ್ಬರೂ ಹೋದರು. ಅಂಚೆ ಕಚೇರಿಯ ತರುಣಿ ಅಲ್ಲೇ ಇದ್ದಳು. ತಂಡದ ಒಳ್ಳೆಯ ಪಿಸ್ತೂಲುಗಳಿಗಿಂತ ಕೋಚಮ್ಮ ಹೊಗಳಿದ ಬಡಪಾಯಿಯೇ ಬೇಕೆಂದು ಕೇಳಿಕೊಂಡಿದ್ದಳಂತೆ. ಕೈಗೆ ತೆಗೆದುಕೊಂಡು ತೂಗಿ ನೋಡಿ, "ಅಕ್ಕಾ, ಇದಕ್ಕೆ ಏನಾದ್ರೂ ವಿಶೇಷ ಇದ್ಯಾ? ಎಲ್ಲಿಗೆ ಹಿಡೀಬೇಕು?" ಎಂದು ಕೇಳಿದಳು.

ಮಗಳು ಅಪ್ಪನ ಕಡೆ ನೋಡಿದಳು. "ಮಧ್ಯಕ್ಕೇ ಹಿಡಿ," ಎಂದಳು. "ಅತ್ತಿತ್ತ ಹೋದ್ರೆ ಕೈ ತಿದ್ಕೋಬೇಡ, ನಮ್ಮಪ್ಪನಿಗೆ ಬಂದು ಹೇಳು. ನಾಚ್ಕೋಬೇಡ, ಬಾಯಿಬಿಟ್ಟು ಹೇಳು."

"ಹೂಂ, ಹೇಳಮ್ಮ," ಎಂದರು ಸೂಜಿಮಾಮ. ಇನ್ನೂ ಏನೋ ಹೇಳಬೇಕೆಂದಿತ್ತು. ಕೀಲಿಗೆ ತಗಡು ಹಾಕಿದ್ದೇನೆ, ಚರ್ಮದ ವಾಷರಿಗೆ ಆಗಾಗ ಒಂದು ಹನಿ ಎಣ್ಣೆ ಬೇಕು, ಹೆಚ್ಚು ಬೇಡ. ಅದನ್ನೆಲ್ಲ ಹೇಳಿದರು. ತರುಣಿ ತಲೆಯಾಡಿಸಿ ಒಳಗೆ ಹೋದಳು. ಅವರು ಗೇಟು ದಾಟುವ ಮೊದಲೇ ಒಳಗಿನಿಂದ ಟಪ್ ಎಂಬ ಸದ್ದು ಕೇಳಿಸಿತು. ಮಗಳು ತಿರುಗಿ ನೋಡಲಿಲ್ಲ, ಆದರೆ ನಡಿಗೆ ಒಂದು ಹೆಜ್ಜೆ ತಪ್ಪಿತು.

ಅದರಾಚೆಯ ವಾರ, ಮೊದಲು ತಾನು ಉಗ್ರಾಣಕ್ಕೆ ಹೋಗುತ್ತಿದ್ದ ಹೊತ್ತಿಗೆ, ಮಗಳು ಒಳಗಿನ ಕೋಣೆಯಲ್ಲಿ ಒಣಗಿದ ಹೊದಿಕೆಗಳನ್ನು ಮಡಚುತ್ತಿದ್ದಳು. ಮಗು ನಿದ್ದೆ ಹೋಗಿತ್ತು. ಸೂಜಿಮಾಮ ಅಂಗಡಿಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು. ಕೇಳಬೇಕೋ ಬೇಡವೋ ಎಂದು ಬೆಳಿಗ್ಗೆಯಿಂದ ಯೋಚಿಸಿದ್ದರು.

"ಬೇಜಾರಾಗಿದ್ಯಾ ಮಗಳೇ?"

ಅವಳು ಹೊದಿಕೆಯ ಎರಡು ಮೂಲೆ ಹಿಡಿದುಕೊಂಡೇ ಅವರನ್ನು ನೋಡಿದಳು.

"ಆಗಿದೆ ಅಪ್ಪ," ಎಂದಳು. "ಬಹಳ ಆಗಿದೆ. ನಿನ್ನ ಮೇಲೂ ಸ್ವಲ್ಪ ಕೋಪ ಇದೆ. ಅಲ್ಲಿ ಎದ್ದವನು ಮತ್ತೆ ಯಾಕೆ ಕೂತೆ? ನಾನು ನೋಡ್ದೆ."

"ಹೆದರಿದೆ ಕಣಮ್ಮ," ಎಂದರು ಸೂಜಿಮಾಮ.

ಅವಳು ಹೂಂ ಎಂದಳು, ಅಷ್ಟೇ. ಆಮೇಲೆ ಹೊದಿಕೆಯ ಇನ್ನೊಂದು ತುದಿಯನ್ನು ಅವರ ಕಡೆ ಚಾಚಿದಳು. ಇಬ್ಬರೂ ಅದನ್ನು ಎಳೆದು ಹಿಡಿದು, ಮಗುವಿಗೆ ಎಚ್ಚರವಾಗದಂತೆ, ಮೆಲ್ಲಗೆ ಮಡಚಿದರು.